ಜೋಲಿಗೊಂದು ಸೂರು

ಮನೆ ಕಟ್ಟುವವನು ಮೊದಲು ತಳಪಾಯವನ್ನು ಕುರಿತು ಯೋಚಿಸುತ್ತಾನೆ. ಎರಡು ಮರಗಳ ನಡುವೆ ಜೋಲಿ ಕಟ್ಟಿ ಮಲಗುವವನಿಗೆ ಆ ಗೊಡವೆಯೇ ಇಲ್ಲ; ಅವನ ಚಿಂತೆಯೆಲ್ಲ ಸೂರಿನದು. ಅದರಲ್ಲಿಯೂ ಕೋಲಾರದ ಸೀಮೆಯಲ್ಲಿ ಬೇಸಗೆಯ ರಜೆ, ಮಾವಿನ ಹಣ್ಣು, ಗುಡುಗುಮಳೆ ಮೂರೂ ಒಟ್ಟಿಗೇ ಬರುವುದರಿಂದ ಆ ಚಿಂತೆಯನ್ನು ಮುಂದೂಡುವಂತಿಲ್ಲ.

“ಬರದ ಜಿಲ್ಲೆಯವರಿಗೆ ಟಾರ್ಪಾಲಿನ್ ಏಕಯ್ಯಾ?” ಎಂದು ನಗುವವರುಂಟು. ವರ್ಷವಿಡೀ ಹರಿಯುವ ನದಿ ನಮಗಿಲ್ಲವೆಂಬುದು ನಿಜ. ಆದರೆ ಮಳೆ ಕಡಿಮೆಯೆಂದ ಮಾತ್ರಕ್ಕೆ ಅದು ಸೌಮ್ಯವೆಂದು ಭಾವಿಸಲಾಗದು. ಮಲೆನಾಡಿನ ಮಳೆ ದಿನಗಟ್ಟಲೆ ಸುರಿದರೆ, ನಮ್ಮ ಭರಣಿ ಕೃತ್ತಿಕೆಗಳ ಮಳೆ ಗಾಳಿಯ ಹೆಗಲೇರಿ ಅಡ್ಡಲಾಗಿ ನುಗ್ಗಿ, ಸ್ವಲ್ಪ ಹೊತ್ತಿನಲ್ಲಿಯೇ ತನ್ನ ಕೆಲಸ ಮುಗಿಸಿಬಿಡುತ್ತದೆ.

ಶ್ರೀನಿವಾಸಪುರದ ಬಳಿ ಬಂಧುಗಳ ಮಾವಿನ ತೋಪಿನಲ್ಲಿ ಮಲಗಬೇಕೆಂದು ಮೊಮ್ಮಕ್ಕಳು ಹಟ ಹಿಡಿದಾಗ ನಮ್ಮಲ್ಲಿ ಒಂದು ಸಭೆಯೇ ನಡೆಯಿತು. ಮುಳಬಾಗಿಲಿನ ಭಾವಮೈದುನರದು ಕ್ಯಾನ್ವಾಸಿನ ಪಕ್ಷ. ಗಟ್ಟಿಯೇನೋ ಹೌದು, ನೆನೆದರೆ ಎತ್ತಲು ಆಳು ಬೇಕು. ಸೊಸೆಯದು ಸಿಲಿಕೋನ್ ಲೇಪದ ತೆಳು ನೈಲಾನ್. ಅದು ಅರ್ಧ ಕಿಲೋವಿನಷ್ಟೇ ಹಗುರ. ಆದರೆ ನೆನೆದಾಗ ಹಿಗ್ಗಿ ಜೋಲು ಬೀಳುತ್ತದೆ, ಮತ್ತೆ ಎದ್ದು ಬಿಗಿಯಬೇಕು. ಪಾಲಿಯೆಸ್ಟರಿಗೆ ಆ ಚಾಳಿ ಕಡಿಮೆ. ಅಂತರಗಂಗೆಯ ಬೆಟ್ಟವನ್ನು ಹೊರೆ ಹೊತ್ತು ಏರುವುದಾದರೆ ನಾನೂ ತೆಳುವಾದುದನ್ನೇ ಆರಿಸುತ್ತಿದ್ದೆ. ತೋಪಿನವರೆಗೆ ಕಾರು ಹೋಗುವುದರಿಂದ, ರೈತರು ರಾಶಿಗೆ ಹೊದಿಸುವ ಸಾಮಾನ್ಯ ಪ್ಲಾಸ್ಟಿಕ್ ಟಾರ್ಪಾಲಿನ್ನೇ ಸಾಕೆಂದು ತೀರ್ಮಾನವಾಯಿತು. ಅಂಗಡಿಯವರು 200 ಜಿ.ಎಸ್.ಎಂ. ಎನ್ನುವುದು ಚದರ ಮೀಟರಿಗೆ 200 ಗ್ರಾಂ ತೂಕವೆಂಬ ಲೆಕ್ಕ. 12 ಅಡಿ ಉದ್ದ, 9 ಅಡಿ ಅಗಲದ್ದು ಸುಮಾರು 10 ಚದರ ಮೀಟರು. ಅಂದರೆ ತೂಕ 2 ಕಿಲೋ.

ಈ ಅಳತೆಗೂ ಕಾರಣವುಂಟು. 10 ಅಡಿಯ ಜೋಲಿಯನ್ನು ತುಸು ಸಡಿಲವಾಗಿ ಕಟ್ಟಿದರೆ ತುದಿಯಿಂದ ತುದಿಗೆ 9 ಅಡಿಯಷ್ಟಾಗುತ್ತದೆ. ಎರಡು ಕಡೆಯೂ ಒಂದೂವರೆ ಅಡಿ ಸೂರು ಉಳಿಯುತ್ತದೆ. ಮಾಲೂರಿನ ಹೆಂಚು ಹೊದಿಸಿದ ಹಳೆಯ ಮನೆಗಳನ್ನು ನೋಡಿ: ಇಳಿಜಾರು ಕಡಿದು, ಸೂರು ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ. ಟಾರ್ಪಾಲಿಗೂ ಅದೇ ಶಾಸ್ತ್ರ. ಚಪ್ಪಟೆಯಾಗಿ ಹರಡಿದರೆ ಎಷ್ಟು ದೊಡ್ಡದಾದರೂ ನಡುವೆ ಕೆರೆ ನಿಲ್ಲುತ್ತದೆ. ನಡುವೆ ಹಗ್ಗವೆಳೆದು ಎರಡು ಕಡೆಗೂ ಇಳಿಬಿಟ್ಟು, ಗಾಳಿಯ ಕಡೆಯ ಅಂಚನ್ನು ನೆಲದ ಸಮೀಪಕ್ಕೆ ತಂದು ಗೂಟಕ್ಕೆ ಬಿಗಿಯಬೇಕು. ಮರದಿಂದಿಳಿದ ನೀರು ಜೋಲಿಯ ಹಗ್ಗವನ್ನು ಹಿಡಿದೇ ಒಳಗೆ ಬರುವುದರಿಂದ, ಸೂರಿನ ಒಳಗಡೆ ಆ ಹಗ್ಗಕ್ಕೊಂದು ನೂಲಿನ ದಾರ ಕಟ್ಟಿ ಇಳಿಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕಿಹೋಗುತ್ತದೆ.

ಇಷ್ಟೆಲ್ಲ ಸಿದ್ಧಮಾಡಿ ಮಲಗಿದ್ದೆವು. ನಡುರಾತ್ರಿ ದೂರದಲ್ಲಿ ಗುಡುಗು ಕೇಳಿಸಿತು. ಕೂಡಲೇ ಎಲ್ಲರನ್ನೂ ಎಬ್ಬಿಸಿ ತೋಟದ ಪಕ್ಕಾ ಮನೆಗೆ ನಡೆಸಿದೆ.

“ಮತ್ತೆ ಇದನ್ನು ಏಕೆ ಕಟ್ಟಿದೆವು, ತಾತ?” ಎಂದು ಕಿರಿಯವನು ಕಣ್ಣುಜ್ಜುತ್ತ ಮುನಿದ.

“ಅದು ನೀರಿಗೆ ಅಡ್ಡ ಬರುತ್ತದೆ, ಸಿಡಿಲಿಗೆ ಬರುವುದಿಲ್ಲ” ಎಂದೆ.

ಮರವೇ ನಮ್ಮ ಕಂಬ. ಸಿಡಿಲು ಅರಸುವುದೂ ಎತ್ತರದ ಮರವನ್ನೇ. ಎಷ್ಟು ಬೆಲೆ ಕೊಟ್ಟು ತಂದ ಸೂರಾದರೂ ಆ ಕ್ಷಣದಲ್ಲಿ ಬಟ್ಟೆಯ ತುಂಡು ಮಾತ್ರ. ಗುಡುಗು ಕಿವಿಗೆ ಬಿದ್ದೊಡನೆ ಏಳಬೇಕು. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮರಳಬಾರದು.

ಹಾಗೆಯೇ ಕಾದು ಮರಳಿದೆವು. ಜೋಲಿಗಳು ಒಣಗಿಯೇ ಇದ್ದವು. ಅಂಚಿನಡಿ ಇಟ್ಟಿದ್ದ ಬಕೆಟ್ಟುಗಳು ತುಂಬಿ ಹರಿದಿದ್ದವು. ಅಷ್ಟಗಲದ ಇಳಿಜಾರು 10 ಮಿಲಿಮೀಟರು ಮಳೆಗೆ ಸುಮಾರು 70 ಲೀಟರು ನೀರು ಕೊಡಬಲ್ಲದು. ಬೆಳಗಾದ ಮೇಲೆ ತೋಟದ ಕಾವಲುಗಾರ ಆ ನೀರನ್ನು ಹೊಸ ಕಸಿಗಿಡಗಳ ಬುಡಕ್ಕೆ ಒಂದು ಹನಿಯೂ ಚೆಲ್ಲದಂತೆ ಸುರಿದ. ನಾವು ಬೇಡವೆಂದು ತಡೆದ ಮಳೆಗೆ ಅಲ್ಲಿ ಕಾದಿದ್ದವರಿದ್ದರು.