ಪಾತಾಳದಲ್ಲೊಂದು ತಳೆ

ಯಾರ್ಕ್‌ಶೈರಿನ ಕ್ಲಾಪ್‌ಹ್ಯಾಮ್ ಎಂಬ ಹಳ್ಳಿಯಿಂದ ಇಂಗಲ್‌ಬರೋ ಬೆಟ್ಟದ ದಾರಿ ಹಿಡಿದರೆ ಮೊದಲು ಮರದ ನೆರಳು, ಆಮೇಲೆ ಟ್ರೋ ಗಿಲ್ ಎಂಬ ಕಲ್ಲಿನ ಓಣಿ, ಅದನ್ನೂ ದಾಟಿದರೆ ಬರೀ ಹುಲ್ಲು, ಗಾಳಿ, ಕುರಿ. ಅಲ್ಲೊಂದು ತಗ್ಗಿನಲ್ಲಿ ಬಂಡೆಗಳ ಸಂದಿಗೆ ಒಂದು ಕಿಂಡಿಯಿದೆ. ಗೊತ್ತಿಲ್ಲದವರು ಪಕ್ಕದಲ್ಲೇ ನಡೆದುಹೋಗುತ್ತಾರೆ. ಅದರ ಹೆಸರು ಬಾರ್ ಪಾಟ್. ಲೀಡ್ಸ್‌ಗೆ ಕೆಲಸಕ್ಕೆ ಬಂದ ಮೇಲೆ ನಾನು ಅತ್ಯಂತ ಪ್ರೀತಿಸಿದ ಜಾಗ ಯಾವುದೆಂದು ಕೇಳಿದರೆ ಈ ಕಿಂಡಿಯನ್ನೇ ಹೇಳುತ್ತೇನೆ.

ನಾವು ನಾಲ್ವರು. ಶಿರಸಿ ಕಡೆಯ ನಾನು, ಪುತ್ತೂರಿನ ಗೆಳತಿ, ಮತ್ತೆ ನಮಗೆ ಹಗ್ಗದ ವಿದ್ಯೆ ಕಲಿಸಿದ ಅಲ್ಲಿಯ ವಯಸ್ಸಾದ ದಂಪತಿ. ಆ ಯಜಮಾನರು ಗಂಟು ಹಾಕುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಬೆರಳಿಗೆ ಅವಸರವಿಲ್ಲ. ಹಾಕಿದ ಗಂಟನ್ನು ಒಮ್ಮೆ ಎಳೆಯುತ್ತಾರೆ, ಒಮ್ಮೆ ಸವರುತ್ತಾರೆ, ಹೆಂಡತಿಗೆ ತೋರಿಸುತ್ತಾರೆ. ಆಕೆ ತಲೆಯಾಡಿಸಿದ ಮೇಲೆಯೇ ಮೊದಲ ಕಾಲು ಕತ್ತಲೊಳಗೆ.

ಮೊದಲ ಇಳಿತ ಇಕ್ಕಟ್ಟು. ಎದೆಗೂ ಬೆನ್ನಿಗೂ ಬಂಡೆ ತಾಗುತ್ತದೆ. ಉಸಿರು ಬಿಟ್ಟರೆ ಮಾತ್ರ ದೇಹ ಜಾರುತ್ತದೆ. ಎರಡನೆಯದು ದೊಡ್ಡದು, ಮೂವತ್ತು ಮೀಟರಿಗೂ ಹೆಚ್ಚು. ಸೊಂಟದ ಪಟ್ಟಿಗೆ ಸಿಕ್ಕಿಸಿದ ಇಳಿಗಾಲಿಯಲ್ಲಿ ಹಗ್ಗ ಸರಸರ ಹರಿಯುತ್ತದೆ, ಹಿಡಿ ಬಿಗಿದರೆ ನಿಲ್ಲುತ್ತದೆ. ನಡುವೆ ನಿಂತು ತಲೆಯ ದೀಪವನ್ನು ಸುತ್ತ ಆಡಿಸಿದೆ. ಒದ್ದೆಗೋಡೆ ಹೊಳೆಯಿತು. ಸುಮಾರು 33 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಚಿಪ್ಪು, ಹವಳಗಳು ಸೇರಿ ಗಟ್ಟಿಯಾದ ಸುಣ್ಣಕಲ್ಲು ಅದು. ಮೇಲಿನ ಜೌಗುಹುಲ್ಲಿನಿಂದ ಇಳಿದ ಹುಳಿನೀರು ಹನಿಹನಿಯಾಗಿ ಅದನ್ನು ಕರಗಿಸಿ ಈ ಬಾವಿ ತೋಡಿದೆ. ಕೆಳಗಿನಿಂದ ಗೆಳತಿಯ ದನಿ ಬಂತು: “ಮಾರಾಯ್ತಿ, ‘ಹಗ್ಗ ಖಾಲಿ ಉಂಟು’ ಅಂತ ಮೇಲಿನವರಿಗೆ ಹೇಳ್ಲಿಕ್ಕೆ ನಿನ್ನನ್ನೇ ಕಾಯ್ತಾ ಇದ್ದೇನೆ. ಬೇಗ ಬಾ!”

ಕೆಳಗೆ ಕೆಸರು. ಹಿಮಯುಗದಲ್ಲಿ ಹಿಮನದಿಗಳು ಬಂಡೆಯನ್ನು ಅರೆದು ಬಿಟ್ಟುಹೋದ ಜೇಡಿ ನೀರಿನೊಡನೆ ಒಳಗಿಳಿದು ಇಲ್ಲೆಲ್ಲ ಕೂತಿದೆ. ನಮ್ಮ ಗದ್ದೆಯ ಕೆಸರು ಬೆಚ್ಚಗಿರುತ್ತದೆ, ಅದರಲ್ಲಿ ಗೊಬ್ಬರದ, ಹುಲ್ಲಿನ ವಾಸನೆ. ಇದು ತಣ್ಣಗೆ, ನುಣ್ಣಗೆ, ವಾಸನೆಯೇ ಇಲ್ಲದ ಕೆಸರು. ಬೇರಿಲ್ಲ, ಎರೆಹುಳವಿಲ್ಲ, ಬಿಸಿಲು ಕಂಡಿಲ್ಲ. ಮೊಣಕೈ ಊರಿ ತೆವಳುವಾಗ ‘ಪಚಕ್’ ಎನ್ನುತ್ತ ಬೂಟನ್ನು ಹಿಡಿದುಕೊಳ್ಳುತ್ತದೆ, ಬಿಡಿಸಿಕೊಂಡರೆ ನಿಟ್ಟುಸಿರಿನಂಥ ಸದ್ದು. ಅರ್ಧ ಗಂಟೆಯಲ್ಲಿ ನಾಲ್ವರ ಬಟ್ಟೆಯ ಬಣ್ಣ, ಮುಖದ ಬಣ್ಣ ಎಲ್ಲ ಒಂದೇ ಆಯಿತು. ದನಿಯಿಂದಲೇ ಒಬ್ಬರನ್ನೊಬ್ಬರು ಗುರುತಿಸಬೇಕು.

ತೆವಳಿ, ಬಗ್ಗಿ, ನಡೆದು ಹೋದವರಿಗೆ ದೂರದಲ್ಲಿ ಮಳೆಯ ಸದ್ದು ಕೇಳಿತು. ಅದು ಗೇಪಿಂಗ್ ಗಿಲ್ ಎಂಬ ಗುಹೆಯ ಮಹಾಸಭಾಂಗಣ. ಮೇಲೆ ಹುಲ್ಲುಗಾವಲಿನಲ್ಲಿ ಹರಿಯುವ ಫೆಲ್ ಬೆಕ್ ಎಂಬ ತೊರೆ 98 ಮೀಟರ್ ಆಳದ ಬಾವಿಗೆ ಬಿದ್ದು ಇಲ್ಲಿಗೆ ಇಳಿಯುತ್ತದೆ. ನಮ್ಮ ದೀಪಗಳು ಎದುರು ಗೋಡೆ ಮುಟ್ಟಲಿಲ್ಲ. ನೆತ್ತಿಯ ಕಿಂಡಿಯಿಂದ ಬಂದ ಹಗಲು ಮಾತ್ರ ನೀರಿನ ತುಂತುರಿನಲ್ಲಿ ಬಿಳಿ ಸೆರಗಿನಂತೆ ಇಳಿದಿತ್ತು. ಈ ಬಾವಿಯಲ್ಲಿ ಮೊದಲು ಜಾನ್ ಬರ್ಕ್‌ಬೆಕ್ ಎಂಬವರು ಹಗ್ಗ ಕಟ್ಟಿಕೊಂಡು ಅರ್ಧದಾರಿಯ ಜಗಲಿಯವರೆಗೆ ಇಳಿದರು. ಆ ಜಗಲಿಗೆ ಇಂದಿಗೂ ಅವರದೇ ಹೆಸರು. ತಳ ಮುಟ್ಟಿದ್ದು 1895ರಲ್ಲಿ, ಫ್ರಾನ್ಸಿನ ಎಡ್ವಾರ್ಡ್ ಮಾರ್ಟೆಲ್. ಹಗ್ಗದ ಏಣಿ, ಮೇಣದಬತ್ತಿ, ಮೇಲಿನವರೊಡನೆ ಮಾತಾಡಲು ಒಂದು ಟೆಲಿಫೋನು. ಒಬ್ಬನೇ ಮನುಷ್ಯ ಆ ತುಂತುರಿನಲ್ಲಿ ನೆನೆಯುತ್ತ ನಿಂತು ಮೊದಲ ಸಲ ಈ ಕತ್ತಲನ್ನು ನೋಡಿದ್ದನ್ನು ನೆನೆದು ನನ್ನ ಕಣ್ಣು ತುಂಬಿತು. ಅಲ್ಲೇ ಕಲ್ಲಿನ ಮೇಲೆ ಕೂತು ಗೆಳತಿ ಡಬ್ಬಿ ತೆರೆದಳು. ಚಪಾತಿ, ಮಾವಿನ ಮಿಡಿ ಉಪ್ಪಿನಕಾಯಿ. ಎಂಟು ಡಿಗ್ರಿಯ ಚಳಿಯಲ್ಲಿ ಆ ಮಿಡಿಯ ಖಾರ ಕಿವಿಯವರೆಗೂ ಹೋಯಿತು. ಯಜಮಾನರು ಎರಡನೆಯದನ್ನೂ ಕೇಳಿ ಪಡೆದರು.

ಇಳಿಯುವುದಕ್ಕಿಂತ ಹತ್ತುವುದೇ ನನಗೆ ಇಷ್ಟ. ಎದೆಯ ಹತ್ತಿರ ಹಗ್ಗ ಕಚ್ಚುವ ಒಂದು ಕೊಕ್ಕೆ, ಕೈಯಲ್ಲಿ ಇನ್ನೊಂದು. ಕೈಯದಕ್ಕೆ ಕಾಲಿನ ಕುಣಿಕೆ ತೂಗಿರುತ್ತದೆ. ಕೂತು ಕಾಲು ಮಡಚಿ ಕೈಕೊಕ್ಕೆಯನ್ನು ಮೇಲೆ ಸರಿಸಬೇಕು, ಕುಣಿಕೆಯಲ್ಲಿ ಎದ್ದು ನಿಲ್ಲಬೇಕು, ಎದೆಯ ಕೊಕ್ಕೆ ತಾನೇ ಮೇಲೆ ಬರುತ್ತದೆ, ಮತ್ತೆ ಕೂರಬೇಕು. ಕೂರು, ನಿಲ್ಲು. ಕೂರು, ನಿಲ್ಲು. ಇದನ್ನು ಕಲಿಯುವಾಗಲೇ ನನಗೆ ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಕಣ್ಣೆದುರು ಬಂದಿದ್ದ. ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ, ಮರವನ್ನು ತಬ್ಬಿ, ಮಂಡಿ ಮಡಚಿ, ನೆಟ್ಟಗಾಗಿ, ಮತ್ತೆ ಮಡಚಿ ಅವನು ಅಡಿಕೆ ಮರ ಏರುವ ಲಯ ಇದೇ. ಮೇಲೆ ಹೋದವನು ಕೆಳಗಿಳಿಯದೆ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಿದ್ದ. ಅಡಿಕೆ ಕೊನೆ ಇಳಿದುಬರುವ ಹಗ್ಗ ಹಿಡಿದು ಅಪ್ಪಯ್ಯ ಕೆಳಗೆ ನಿಂತಿರುತ್ತಿದ್ದರು. ಇಬ್ಬರ ನಡುವೆ ಮಾತು ಕಡಿಮೆ. ಹಗ್ಗದ ಒಂದು ಜಗ್ಗಿಗೇ ಅರ್ಥವಿತ್ತು.

ಬಂದ ದಾರಿಯಲ್ಲೇ ಮರಳಿ ಬಾರ್ ಪಾಟ್‌ನ ಆ ದೊಡ್ಡ ಇಳಿತವನ್ನು ಅರ್ಧ ಏರಿದಾಗ ಕೈಕೊಕ್ಕೆ ಸರ್ರನೆ ಜಾರಿತು. ಹಗ್ಗದ ಕೆಸರು ಅದರ ಹಲ್ಲುಗಳ ನಡುವೆ ತುಂಬಿಕೊಂಡಿತ್ತು. ಎದೆಯ ಕೊಕ್ಕೆ ಹಿಡಿದಿತ್ತು, ಬೀಳಲಿಲ್ಲ. ಆದರೂ ಕೈ ನಡುಗಿತು. “ಬ್ರಷ್ಷು!” ಎಂದು ಮೇಲಿನಿಂದ ಯಜಮಾನರ ಹೆಂಡತಿಯ ದನಿ. ಕೊರಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಕಟ್ಟಿ ಕಳಿಸಿದ್ದು ಏಕೆಂದು ಆಗ ತಿಳಿಯಿತು. ತೂಗುತ್ತಲೇ ಹಲ್ಲು ಉಜ್ಜಿದೆ, ಮತ್ತೆ ಸಿಕ್ಕಿಸಿದೆ, ಕಚ್ಚಿತು. ಕೂರು, ನಿಲ್ಲು. ಕೊನೆಗೆ ಆ ಇಕ್ಕಟ್ಟಿನ ಬಾಯಲ್ಲಿ ನಾಲ್ಕು ಕೈಗಳು ನನ್ನ ಭುಜ ಹಿಡಿದು ಎಳೆದುಕೊಂಡವು. ಹುಲ್ಲಿನ ವಾಸನೆ ಅಷ್ಟು ಗಾಢವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ತೊರೆಯಲ್ಲಿ ಹಗ್ಗ ತೊಳೆಯಲು ಒಂದು ಗಂಟೆ ಬೇಕಾಯಿತು. ಅದಕ್ಕೂ ಮೊದಲು ಯಜಮಾನರು ಫೋನು ತೆಗೆದು ಮಗಳಿಗೆ ‘ನಾಲ್ವರೂ ಹೊರಗೆ’ ಎಂದು ಬರೆದರು. ಏಳು ಗಂಟೆಯೊಳಗೆ ಆ ಸಾಲು ಬರದಿದ್ದರೆ ಆಕೆ ಪೊಲೀಸರಿಗೆ ಹೇಳಿ ಗುಹಾರಕ್ಷಣಾ ಪಡೆಯನ್ನು ಕರೆಸಬೇಕಿತ್ತು. 1935ರಲ್ಲಿ ಶುರುವಾದ, ಜಗತ್ತಿನ ಮೊದಲ ಗುಹಾರಕ್ಷಣಾ ಪಡೆಯ ನೆಲೆ ಇರುವುದು ಅದೇ ಕ್ಲಾಪ್‌ಹ್ಯಾಮಿನಲ್ಲಿ. ನೀವು ಎಂದಾದರೂ ಇಂಥ ಕತ್ತಲಿಗೆ ಇಳಿಯುವುದಾದರೆ ಹಗ್ಗ ಬಲ್ಲವರ ಜೊತೆ ಇಳಿಯಿರಿ, ಮತ್ತು ಎಷ್ಟು ಹೊತ್ತಿಗೆ ಬರುತ್ತೀರೆಂದು ಮೇಲೆ ಒಬ್ಬರಿಗೆ ಹೇಳಿ ಹೋಗಿ.