ಇನ್ನೂರ ಐವತ್ತೈದು

ರೈಲ್ವೆ ಮೇಲ್ ಸರ್ವಿಸಿನಲ್ಲಿ 35 ವರ್ಷ ಕಾಗದ ವಿಂಗಡಿಸಿದವನಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಎಲ್ಲಿ ಯಾವ ಸಂಖ್ಯೆ ಕಂಡರೂ ಅರ್ಧವನ್ನು ಹೆಬ್ಬೆರಳಿನಿಂದ ಮುಚ್ಚಿ ಓದುವುದು. ಪಿನ್‌ಕೋಡಿನ ಮೊದಲ ಮೂರು ಅಂಕೆ 560 ಎಂದಿತೋ, ಬೆಂಗಳೂರಿನ ಚೀಲಕ್ಕೆ. ಮಿಕ್ಕ ಮೂರು ಅಂಕೆ ಬಸವನಗುಡಿಯದೋ ಮಲ್ಲೇಶ್ವರದ್ದೋ, ಅದು ನನ್ನ ಚಿಂತೆಯಲ್ಲ. 1972ರಲ್ಲಿ ಬಂದ ಆ ಪದ್ಧತಿಯ ಸೊಗಸೇ ಅದು.

ಈ ಚಟ ಕಳೆದ ವರ್ಷ ನಮ್ಮ ಮನೆಯ ಮಹಡಿಯ ಮೇಲೆ ಉಪಯೋಗಕ್ಕೆ ಬಂತು. ತಮ್ಮನ ಮಗಳು ಅಲ್ಲಿ ಲೆಕ್ಕಪತ್ರದ ಸಣ್ಣ ಆಫೀಸು ತೆರೆದಿದ್ದಾಳೆ. ಎರಡು ಕಂಪ್ಯೂಟರು, ಒಂದು ರೂಟರು, ಯಾರೋ ಆಫೀಸು ಮುಚ್ಚುವಾಗ ಅಗ್ಗಕ್ಕೆ ಕೊಟ್ಟ ಪ್ರಿಂಟರು. ಆದಾಯ ತೆರಿಗೆಯ ಕೊನೆಯ ದಿನ ಹತ್ತಿರವಾಗಿದೆ, ಕಕ್ಷಿದಾರರ ಸಹಿ ಬೀಳಬೇಕಾದ ಲೆಕ್ಕಗಳು ರಾಶಿಯಾಗಿವೆ, ಪ್ರಿಂಟರಿಗೆ ಮೌನವ್ರತ. ಬಂದ ರಿಪೇರಿಯವನು ಎರಡು ಗುಂಡಿ ಒತ್ತಿ, "ಹೋಗಿದೆ ಮೇಡಂ, ಹೊಸದು ತಗೊಳ್ಳಿ" ಎಂದ. ಹೊಸದಕ್ಕೆ 18,000 ರೂಪಾಯಿ. ಆ ತಿಂಗಳು ಹುಡುಗಿಯ ಸಂಪಾದನೆ ಅಷ್ಟಿರಲಿಲ್ಲ. ಆಫೀಸೇ ಮುಚ್ಚುವ ಮಾತು ಮನೆಯಲ್ಲಿ ಮೆಲ್ಲಗೆ ಎದ್ದಿತ್ತು.

"ದೊಡ್ಡಪ್ಪ, ಇದೇನು ನೋಡಿ" ಎಂದು ಒಂದು ಹಾಳೆ ತಂದಳು. ಪ್ರಿಂಟರು ತನ್ನ ಜಾತಕವನ್ನು ತಾನೇ ಅಚ್ಚುಹಾಕಿ ಕೊಟ್ಟಿತ್ತು. (ಸತ್ತದ್ದು ಹೀಗೆ ಬರೆಯುತ್ತದೆಯೇ?) ಅದರ ವಿಳಾಸ 192.168.0.50. ಕಂಪ್ಯೂಟರಿನದು 192.168.1.20. ಎರಡಕ್ಕೂ ಸಬ್‌ನೆಟ್ ಮಾಸ್ಕ್ ಎಂದು 255.255.255.0.

ಈ ಮಾಸ್ಕ್ ಬೇರೇನಲ್ಲ, ನನ್ನ ಹೆಬ್ಬೆರಳು. 255 ಇರುವ ಕಡೆ ವಿಳಾಸವನ್ನು ಪೂರ್ತಿ ನೋಡು. 0 ಇರುವ ಕಡೆ ಮುಚ್ಚಿಬಿಡು. ನೋಡಿದ ಭಾಗ ಹೊಂದಿದರೆ ನೆರೆಮನೆ, ನೇರವಾಗಿ ಕೊಡು. ಹೊಂದದಿದ್ದರೆ ಪರಸ್ಥಳ, ರೂಟರಿನ ಕೈಗೆ ಹಾಕು. ನಮ್ಮ ಯಂತ್ರಗಳಿಗೆ ಮೂರನೆಯ ಭಾಗ ಹೊಂದಲಿಲ್ಲ. ಒಂದೇ ಮೇಜು, ನಡುವೆ ಗೇಣಗಲ. ಆದರೂ ಕಂಪ್ಯೂಟರು ಪಕ್ಕದವನ ಕಾಗದವನ್ನು ರೂಟರಿಗೆ ಕೊಡುತ್ತಿತ್ತು, ರೂಟರಿಗೆ ಆ ಊರೇ ಗೊತ್ತಿಲ್ಲ! ನಮ್ಮ ಇಲಾಖೆಯಲ್ಲಾದರೆ ಒಂದು ಷರಾ ಬರೆದಾದರೂ ಹಿಂದಿರುಗಿಸುತ್ತಿದ್ದೆವು.

"ಮಾಸ್ಕನ್ನೇ 255.255.254.0 ಮಾಡಿದರೆ?" ಎಂದಳು ಹುಡುಗಿ. ಇಲ್ಲಿ ನನ್ನ ಪಿನ್‌ಕೋಡು ಕೈಕೊಟ್ಟಿತು. ಯಂತ್ರಕ್ಕೆ ಒಂದೊಂದು ಭಾಗವೂ ಎಂಟು ದೀಪಗಳ ಸಾಲು. ಬೆಲೆ 128, 64, 32, 16, 8, 4, 2, 1. ಎಲ್ಲ ಉರಿದರೆ 255. ಕೊನೆಯದೊಂದು ಆರಿದರೆ 254, ಆ ದೀಪವನ್ನು ಗಣಿಸಬೇಡವೆಂದು ಅರ್ಥ. 0ಗೂ 1ಕ್ಕೂ ವ್ಯತ್ಯಾಸ ಆ ಒಂದೇ ದೀಪದಲ್ಲಿ, ಆದ್ದರಿಂದ ಎರಡೂ ಕೂಡಿ 512 ವಿಳಾಸಗಳ ಒಂದೇ ಕೇರಿ. ಆದರೆ 1 ಮತ್ತು 2 ಹೀಗೆ ಕೂಡವು! ಅವಕ್ಕೆ ಎರಡು ದೀಪಗಳ ವ್ಯತ್ಯಾಸ, 252 ಬೇಕು. ಹತ್ತು ಬೆರಳಿನಲ್ಲಿ ಎಣಿಸಲು ಕಲಿತವನಿಗೆ ಇದು ಅನ್ಯಾಯವೆನಿಸುತ್ತದೆ. ಕಾಗದದ ಮೇಲೆ ದೀಪ ಬರೆದು ನೋಡುವವರೆಗೆ ನಾನೂ ನಂಬಲಿಲ್ಲ.

1985ರಲ್ಲಿ ಈ ಏರ್ಪಾಡನ್ನು ಗೊತ್ತುಮಾಡಿದವರ ಉದ್ದೇಶ ದೊಡ್ಡ ಸಂಸ್ಥೆಯ ಜಾಲವನ್ನು ಒಳಗೊಳಗೇ ಹೋಳುಮಾಡುವುದು. ಮೂರು ಯಂತ್ರಗಳ ಮಹಡಿಗೆ 512 ವಿಳಾಸ ಏತಕ್ಕೆ? ಅದೂ ಅಲ್ಲದೆ ರೂಟರು ಸಹಿತ ಎಲ್ಲದರ ಮಾಸ್ಕನ್ನೂ ತಿದ್ದಬೇಕು. ಪ್ರಿಂಟರಿನ ವಿಳಾಸವನ್ನೇ 192.168.1.250 ಎಂದು ಬದಲಾಯಿಸಿದೆವು. ರೂಟರು ತಾನಾಗಿ ಹಂಚುವ ವಿಳಾಸಗಳ ಸಾಲಿನಲ್ಲಿ ಅದು ಇಲ್ಲವೆಂದು ಮೊದಲು ನೋಡಿಕೊಂಡೆವು.

ಅಂದು ರಾತ್ರಿ ಹತ್ತರವರೆಗೂ ಮಹಡಿಯ ಮೇಲೆ ಹಾಳೆಗಳ ಸದ್ದು ಕೇಳುತ್ತಿತ್ತು. ರಿಪೇರಿಯವನಿಗೆ ಕೊಟ್ಟ 500 ರೂಪಾಯಿಯನ್ನು ಅವಳು ಲೆಕ್ಕದಲ್ಲಿ 'ಸಲಹಾ ವೆಚ್ಚ' ಎಂದು ಬರೆದಿದ್ದಾಳಂತೆ. ಅದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.