ಬಾಲಾನಗರದ ಸೀತಾಫಲ

ಹೈದರಾಬಾದಿನವರಿಗೆ ಬಾಲಾನಗರಗಳು ಎರಡು. ಒಂದು ನಗರದೊಳಗಿನ ಕಾರ್ಖಾನೆಗಳ ಪೇಟೆ. ಇನ್ನೊಂದು ಬೆಂಗಳೂರು ಹೆದ್ದಾರಿಯಲ್ಲಿ, ಶಾದನಗರ ದಾಟಿ ಜಡ್ಚರ್ಲೆ ಮುಟ್ಟುವ ಮೊದಲು ಸಿಗುವ ಊರು. ಸೀತಾಫಲದ ತಳಿಗೆ ಹೆಸರು ಕೊಟ್ಟದ್ದು ಕಾರ್ಖಾನೆಗಳ ಬಾಲಾನಗರವೆಂದೇ ನಾವು ಎಂಟು ವರ್ಷ ನಂಬಿದ್ದೆವು. ಗುಮಾಸ್ತರ ಭೂಗೋಳಜ್ಞಾನ ಬಸ್ಸಿನ ಫಲಕಗಳಿಂದ ಬಂದದ್ದು, ವಾಚಕರು ಕ್ಷಮಿಸಬೇಕು.

ಹಣ್ಣಿನ ವಿಷಯದಲ್ಲೂ ನಮ್ಮ ಜ್ಞಾನ ಅಷ್ಟಕ್ಕಷ್ಟೆ. ಹೋದ ವರ್ಷ ದಸರೆಗೆ ಮೊದಲೇ ಅಗ್ಗವಾಗಿ ಸಿಕ್ಕಿತೆಂದು ಒಂದು ಬುಟ್ಟಿ ತಂದು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆವು. ವಾರ ಕಳೆದರೂ ಮೆತ್ತಗಾಗಲಿಲ್ಲ, ಕಪ್ಪಾಗಿ ಕಲ್ಲಾಯಿತು. ರಾಯಚೂರಿನಿಂದ ಬಂದಿದ್ದ ತಾಯಿಯವರು, "ಕಣ್ಣು ಬಿಡದ್ದನ್ನು ಯಾರಾದರೂ ತರುತ್ತಾರೆಯೆ?" ಎಂದರು. ಅವರ ಬಾಲ್ಯದಲ್ಲಿ ಮನೆಯ ಹಿಂದಿನ ಗುಡ್ಡದ ತುಂಬ ಈ ಗಿಡಗಳೇ ಇದ್ದವಂತೆ. ಈಗ ಆ ಗುಡ್ಡ ಜಲ್ಲಿಯಾಗಿ ಹೋಗಿದೆ. ಈ ಸಲ ಅವರಿಗೆ ಪ್ರಯಾಣ ಆಗದು; ದೀಪಾವಳಿಗೆ ಹಣ್ಣು ತನ್ನಿ ಎಂದಷ್ಟೇ ಹೇಳಿ ಕಳುಹಿಸಿದರು. ರಾಯಚೂರಿನ ದಾರಿಯೂ ಬಾಲಾನಗರದ ಮೇಲೆಯೇ ಅಲ್ಲವೆ! ಬಸ್ಸಿಳಿದೆವು.

ಸೀತಾಫಲ ಅವಸರದ ಗಿಡವಲ್ಲ. ಕಲ್ಲುನೆಲ ಸಾಕು, ಆಡುಗಳೂ ಎಲೆ ಮುಟ್ಟವು. ಬೇಸಿಗೆಯ ಚಿಗುರಿನೊಡನೆ ಹೂ ಬಿಡುತ್ತದೆ, ಆದರೆ ಒಣಗಾಳಿಗೆ ಬಹುಪಾಲು ಉದುರಿಹೋಗುತ್ತದೆ. ಹೂವಿನಲ್ಲಿ ಹೆಣ್ಣುಭಾಗ ಮೊದಲು ಬಲಿಯುತ್ತದೆ, ಪರಾಗ ಆಮೇಲೆ. ಹಾಗಾಗಿ ಸಣ್ಣ ದುಂಬಿಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಓಡಾಡಬೇಕು. ಮುಂಗಾರಿನ ತೇವ ಬಂದ ಮೇಲೆಯೇ ಕಾಯಿ ಚೆನ್ನಾಗಿ ಕಚ್ಚುವುದು. ಅಲ್ಲಿಂದ ಸುಮಾರು 4 ತಿಂಗಳು. ಮಾವಿನ ಕಾಲ ಮುಗಿದು ಎಷ್ಟೋ ದಿನವಾದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಇದರ ಸರದಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು 'ಅರ್ಕಾ ಸಹನ್' ಎಂಬ ಕಡಿಮೆ ಬೀಜದ ತಳಿ ಮಾಡಿದ್ದಾರೆ, ಅದು ಇನ್ನೂ ನಿಧಾನವಾಗಿ ಹಣ್ಣಾಗುತ್ತದೆ. ಬೀಜ ಉಗುಳುತ್ತ ಹರಟದಿದ್ದರೆ ಸೀತಾಫಲ ತಿಂದಂತೆ ನಮಗನಿಸದು, ಆ ಮಾತು ಬೇರೆ.

ರಸ್ತೆಯಂಚಿನಲ್ಲಿ ಬುಟ್ಟಿ ಇಟ್ಟುಕೊಂಡಿದ್ದಾಕೆ ದರ ಹೇಳುವ ಮೊದಲು, ಯಾವಾಗ ತಿನ್ನುತ್ತೀರಿ ಎಂದು ತೆಲುಗಿನಲ್ಲಿ ಕೇಳಿದಳು. ನಾಡಿದ್ದು ಎಂದೆವು. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಕೆನೆಬಣ್ಣಕ್ಕೆ ತಿರುಗಿದ 12 ಹಣ್ಣು ಆರಿಸಿದಳು. ಗೆರೆ ಇನ್ನೂ ಹಸಿರಾಗಿದ್ದುದನ್ನು ನಾವು ಎತ್ತಿಕೊಂಡರೆ ಕೈಯಿಂದ ಕಿತ್ತು ಬುಟ್ಟಿಗೆ ಹಾಕಿದಳು. ಮುಂದಿನ ವರ್ಷ ಇಲ್ಲೇ ಇರುತ್ತೀಯಾ ಎಂದಾಗ, ಗುಡ್ಡದ ಬುಡದಲ್ಲಿ ನೆಟ್ಟಿದ್ದ ನಿವೇಶನದ ಬಿಳಿ ಕಲ್ಲುಗಳತ್ತ ಗದ್ದ ತಿರುಗಿಸಿದಳು.

ಮಹಬೂಬನಗರ, ಮಖ್ತಲ್ ಕಳೆದು ರಾಯಚೂರು ಸೇರುವ ಹೊತ್ತಿಗೆ ಬಸ್ಸಿನ ಕುಲುಕಾಟಕ್ಕೆ 2 ಹಣ್ಣು ಒಡೆದಿದ್ದವು. ತಾಯಿಯವರು ಹಬ್ಬದ ತನಕ ಕಾಯದೆ ಮೊದಲು ಅವನ್ನೇ ತಟ್ಟೆಗೆ ಹಾಕಿಕೊಂಡರು.